ಮಠದ ಕಂದು ಬಿಯರಿಗೆ ಅಂಕ ಹಾಕುವ ಮುನ್ನ

ಚಿ. ಪುಟ್ಟನಿಗೆ ಸೋದರಮಾವನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಮನೆಯಲ್ಲೇ ಬಿಯರ್ ಮಾಡುವವರ ಸ್ಪರ್ಧೆಗೆ ನಿನ್ನನ್ನು ತೀರ್ಪುಗಾರರ ಮೇಜಿಗೆ ಕರೆದಿದ್ದಾರೆ, ಅದರಲ್ಲೂ ಮಠದ ಕಂದು ಬಿಯರುಗಳಾದ ಡುಬ್ಬೆಲ್ ಮತ್ತು ಅದಕ್ಕಿಂತ ಬಲವಾದ ಕ್ವಾಡ್ರುಪೆಲ್ ನಿನ್ನ ಪಾಲಿಗೆ ಬಂದಿವೆ ಅಂತ ತಿಳಿಯಿತು. ಒಪ್ಪಿಕೋ. ಆದರೆ ಕುಡಿದು ಬಲ್ಲವನು ತೂಗಿ ನೋಡಬಲ್ಲ ಅಂತ ಮಾತ್ರ ತಿಳಿಯಬೇಡ. ಎರಡೂ ಬೇರೆ ಬೇರೆ ಕೆಲಸ.

ಎಲ್ಲಕ್ಕಿಂತ ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೋ. ಬೆಲ್ಜಿಯಂ ಮಠಗಳ ಕಂದು ಬಿಯರು ಮೂಗಿಗೆ ಸಿಹಿಯಾಗಿ ಬರಬೇಕು, ಗುಟುಕು ಇಳಿದ ಮೇಲೆ ಬಾಯಿ ಚೊಕ್ಕಟವಾಗಿರಬೇಕು. ಹೊಸಬರು ಬಣ್ಣ ನೋಡಿದ ಕೂಡಲೇ ಇದು ಭಾರ, ಇದು ಸಿಹಿ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಆಮೇಲೆ ಅಂಟಂಟಾದ ಬಿಯರಿಗೆ 'ಶ್ರೀಮಂತ ರುಚಿ' ಅಂತ ಬರೆದು ಕೈತುಂಬ ಅಂಕ ಕೊಡುತ್ತಾರೆ. ಸ್ಪರ್ಧೆಗಳಲ್ಲಿ ಆಗುವ ದೊಡ್ಡ ಅನ್ಯಾಯ ಇದೇ.

ಈ ಬಣ್ಣ ಮುಖ್ಯವಾಗಿ ಹುರಿದ ಕಾಳಿನಿಂದ ಬಂದದ್ದಲ್ಲ, ಕಾಸಿದ ಸಕ್ಕರೆಯಿಂದ ಬಂದದ್ದು. ಕ್ಯಾಂಡಿ ಸಿರಪ್ ಅನ್ನುತ್ತಾರಲ್ಲ, ಅದು ಬೀಟ್ ಸಕ್ಕರೆಯ ಪಾಕವನ್ನು ಕಂದಾಗುವ ತನಕ ಕಾಸಿದ ದ್ರವ. ಪಾಕ ಹೊಂಬಣ್ಣಕ್ಕೆ ಬಂದಾಗ ಒಂದು ವಾಸನೆ, ಖರ್ಜೂರದ ಬಣ್ಣಕ್ಕೆ ಬಂದಾಗ ಇನ್ನೊಂದು, ಸೀದರೆ ಕಹಿ. ಇದನ್ನು ನೀನು ಅಡುಗೆಮನೆಯಲ್ಲೇ ಕಂಡಿದ್ದೀಯ. ಆ ಸಕ್ಕರೆಯನ್ನು ಯೀಸ್ಟ್ ಬಹುತೇಕ ತಿಂದು ಮುಗಿಸುತ್ತದೆ. ಬಣ್ಣ ಮತ್ತು ಪರಿಮಳ ಉಳಿಯುತ್ತವೆ, ಸಿಹಿ ಹೋಗುತ್ತದೆ. ಲೆಕ್ಕ ನೋಡು: ಹುದುಗುವ ಮುಂಚೆ 1.090 ಸಾಂದ್ರತೆ (ಬರೀ ನೀರಿನದು 1.000) ಇದ್ದದ್ದು 1.014ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇ. 10, ಬಾಯಿ ಹಗುರ. ಅದೇ ಬಿಯರ್ 1.026ಕ್ಕೆ ನಿಂತುಬಿಟ್ಟರೆ ಶೇ. 8.4, ಜೊತೆಗೆ ಜಾಮೂನಿನ ಪಾಕ ಕುಡಿದ ಹಾಗೆ. ನಿನ್ನ ಮೇಜಿಗೆ ಬರುವ ಅರ್ಧದಷ್ಟು ಕ್ವಾಡ್ರುಪೆಲ್‌ಗಳ ರೋಗ ಇದೇ ಆಗಿರುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ.

ಹೆಸರು, ಚೀಟಿ ನೋಡಿ ಮರುಳಾಗಬೇಡ. ಟ್ರಾಪಿಸ್ಟ್ ಅನ್ನುವುದು ರುಚಿಯ ಹೆಸರಲ್ಲ, ಹುಟ್ಟಿದ ಜಾಗದ ಹೆಸರು. ಮಠದ ಆವರಣದಲ್ಲಿ ಅಥವಾ ಅದಕ್ಕೆ ಹೊಂದಿಕೊಂಡಂತೆ, ಸನ್ಯಾಸಿಗಳ ಮೇಲ್ವಿಚಾರಣೆಯಲ್ಲಿ ತಯಾರಾಗಬೇಕು. ಬಂದ ಲಾಭ ಮಠದ ನಿರ್ವಹಣೆಗೂ ದಾನಧರ್ಮಕ್ಕೂ ಹೋಗಬೇಕು. ಹಾಗಿದ್ದರೆ ಮಾತ್ರ ಆ ಷಟ್ಕೋನದ ಮುದ್ರೆ. ಬೆಲ್ಜಿಯಂನದೇ ಆಕೆಲ್ ಮಠದಲ್ಲಿ ಸನ್ಯಾಸಿಗಳೇ ಉಳಿಯದೆ 2021ರಲ್ಲಿ ಮುದ್ರೆ ಹೋಯಿತು. ಈಗ ಬೆಲ್ಜಿಯಂನಲ್ಲಿ ಉಳಿದಿರುವುದು ವೆಸ್ಟ್‌ಮಾಲೆ, ವೆಸ್ಟ್‌ಫ್ಲೆಟೆರೆನ್, ಶಿಮೆ, ರೋಶ್‌ಫೋರ್ ಮತ್ತು ಓರ್ವಾಲ್. ಲೆಫ್, ಗ್ರಿಂಬರ್ಗೆನ್ ಮೊದಲಾದವು ಮಠದ ಹೆಸರಿನಲ್ಲಿ ದೊಡ್ಡ ಕಂಪನಿಗಳು ಮಾಡುವ 'ಆಬಿ ಬಿಯರ್'ಗಳು. ಇನ್ನು ರೋಶ್‌ಫೋರ್ ಮುಚ್ಚಳದ ಮೇಲಿನ 6, 8, 10 ಆಲ್ಕೋಹಾಲ್ ಪ್ರಮಾಣ ಅಲ್ಲ, ಹಳೆಯ ಬೆಲ್ಜಿಯನ್ ಸಾಂದ್ರತೆಯ ಅಳತೆ. ಆಲ್ಕೋಹಾಲ್ ಕ್ರಮವಾಗಿ ಶೇ. 7.5, 9.2, 11.3. ಗೊತ್ತಿಲ್ಲದವರು 'ಹತ್ತಲ್ಲವೇ' ಅಂತ ಕುಡಿದು ಮೋಸಹೋಗುತ್ತಾರೆ.

ಸ್ಪರ್ಧೆಯ ದಿನ ಬೆಳಿಗ್ಗೆ ಕಾಫಿ ಬೇಡ, ಉಪ್ಪಿನಕಾಯಿ ಬೇಡ, ಮೈಗೆ ಸೆಂಟ್ ಬೇಡ. ಕೋಟಿಗೆ ಒಗ್ಗರಣೆ ವಾಸನೆ ಹತ್ತಿದ್ದರೆ ಅದನ್ನು ಮನೆಯಲ್ಲೇ ಬಿಡು. ನಿನಗೆ ಅದು ಗೊತ್ತಾಗುವುದಿಲ್ಲ, ಪಕ್ಕದವನಿಗೆ ಗೊತ್ತಾಗುತ್ತದೆ. ನಡುನಡುವೆ ಬಾಯಿ ತೊಳೆಯಲು ನೀರು, ಬರೀ ಬ್ರೆಡ್ಡು ಸಾಕು. ಚೀಸ್ ತಟ್ಟೆ ಬಂದರೆ ಕೆಲಸ ಮುಗಿದ ಮೇಲೆ ತಿನ್ನು. ಕೊಬ್ಬು ನಾಲಿಗೆಯನ್ನೂ ಕೆಡಿಸುತ್ತದೆ, ನೊರೆಯನ್ನೂ ಕೊಲ್ಲುತ್ತದೆ.

ಬಾಟಲಿಗಳನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿರಬೇಕು, ತಳದ ಯೀಸ್ಟ್ ಗಷ್ಟು ಕೂರಲಿ. ಫ್ರಿಜ್ಜಿನಿಂದ ನೇರವಾಗಿ ಬಂದ 4 ಡಿಗ್ರಿಯ ಬಿಯರಿಗೆ ಅಂಕ ಹಾಕಬೇಡ. ಆ ತಣ್ಣಗೆಯಲ್ಲಿ ಒಳ್ಳೆಯದೂ ಅಡಗುತ್ತದೆ, ಕೆಟ್ಟದ್ದೂ ಅಡಗುತ್ತದೆ. 10ರಿಂದ 14 ಡಿಗ್ರಿ ಸರಿ. ತಣ್ಣಗಿದ್ದರೆ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಐದು ನಿಮಿಷ ಕಾಯಿ. ಮಠದವರ ಅಗಲ ಬಾಯಿಯ ಪಾತ್ರೆಯಂಥ ಗ್ಲಾಸು ಕುಡಿಯಲು ಚೆಂದ. ತೂಗಿ ನೋಡಲು ಮೇಲೆ ಕಿರಿದಾಗುವ ಟ್ಯುಲಿಪ್ ಗ್ಲಾಸೇ ಬೇಕು, ವಾಸನೆ ಚದುರುವುದಿಲ್ಲ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಮೊಡವೆಯಂತೆ ಅಂಟಿಕೊಂಡಿದ್ದರೆ ಗ್ಲಾಸು ಕೊಳೆ ಎಂದರ್ಥ. ಬೇರೆ ಗ್ಲಾಸು ಕೇಳು. ಅದಕ್ಕಾಗಿ ಬಿಯರಿನ ನೊರೆಯ ಅಂಕ ಕತ್ತರಿಸಬೇಡ.

ಒಬ್ಬೊಬ್ಬರಿಗೆ 60 ಮಿಲೀ ಸಾಕು. ಗ್ಲಾಸು ವಾಲಿಸಿ ಸುರಿ, ಕೊನೆಗೆ ನೆಟ್ಟಗೆ ಮಾಡಿ ನೊರೆ ಏಳಿಸು. ಒಮ್ಮೆ ಬಾಟಲಿ ಬಗ್ಗಿಸಿದ ಮೇಲೆ ನೆಟ್ಟಗೆ ಮಾಡದೆ ಎಲ್ಲ ಗ್ಲಾಸಿಗೂ ಸುರಿದು ಮುಗಿಸು, ಇಲ್ಲವಾದರೆ ಗಷ್ಟು ಕದಡುತ್ತದೆ. ತಳದಲ್ಲಿ ಒಂದು ಬೆರಳು ಬಿಟ್ಟುಬಿಡು.

ಸುರಿದ ಕೂಡಲೇ, ಬಣ್ಣ ನೋಡುವುದಕ್ಕೂ ಮುಂಚೆ, ಮೂಗು ಇಡು. ಕೆಲವು ವಾಸನೆ ಮೊದಲ ಅರ್ಧ ನಿಮಿಷದಲ್ಲೇ ಹಾರಿಹೋಗುತ್ತವೆ. ಆಮೇಲೆ ಬೆಳಕಿಗೆ ಹಿಡಿ. ನಡುವೆ ಕಡುಕಂದು, ಅಂಚಿನಲ್ಲಿ ದಾಳಿಂಬೆ ಕಾಳಿನ ಕೆಂಪು ಕಂಡರೆ ಸರಿಯಾದ ದಾರಿ. ಬೆಳಕೇ ತೂರದಷ್ಟು ಕಪ್ಪಾಗಿದ್ದರೆ ಹುರಿದ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಬಿದ್ದಿದೆಯೇನೋ ಅಂತ ಅನುಮಾನ ಇಟ್ಟುಕೋ, ತೀರ್ಪು ಇನ್ನೂ ಬೇಡ. ನೊರೆ ಹಾಲು ಜಾಸ್ತಿ ಬಿದ್ದ ಕಾಫಿಯ ನೊರೆಯ ಬಣ್ಣದ್ದು, ದಟ್ಟ, ನಿಧಾನಕ್ಕೆ ಇಳಿಯುವಂಥದ್ದು ಇರಬೇಕು.

ಈಗ ಅಂಗೈಯಿಂದ ಗ್ಲಾಸಿನ ಬಾಯಿ ಮುಚ್ಚಿ ಮೆಲ್ಲಗೆ ಸುತ್ತಿಸಿ ಮತ್ತೆ ಮೂಸು. ಒಂದೇ ಸಲಕ್ಕೆ ಉದ್ದ ಎಳೆಯಬೇಡ. ನಾಯಿ ಮೂಸುವ ಹಾಗೆ ಚಿಕ್ಕಚಿಕ್ಕದಾಗಿ ಮೂರು ನಾಲ್ಕು ಸಲ. ನಿನಗೆ ಹೊಳೆಯುವ ಮೊದಲ ಪದ ಮನೆಯ ಪದವೇ ಆಗಿರಲಿ. ಒಣದ್ರಾಕ್ಷಿ, ಅಂಜೂರ, ಖರ್ಜೂರ, ಕಾಸಿದ ಸಕ್ಕರೆ, ಲವಂಗ, ಕಾಳುಮೆಣಸು, ಮಾಗಿದ ಬಾಳೆಹಣ್ಣು: ಇವೆಲ್ಲ ನಮ್ಮ ಡಬ್ಬಿಯವೇ. ಮೇಜಿನ ಉಳಿದವರು 'ಪ್ಲಮ್' ಅಂದರು ಅಂತ ನೀನೂ ಪ್ಲಮ್ ಬರೆಯಬೇಡ. ಹಣ್ಣು ಮತ್ತು ಮಸಾಲೆಯ ವಾಸನೆ ಯೀಸ್ಟ್‌ನದು, ಯಾರೂ ಲವಂಗ ಹಾಕಿರುವುದಿಲ್ಲ. ಬಾಳೆಹಣ್ಣಿನ ಕಂಪು ಯೀಸ್ಟ್ ಹುಟ್ಟಿಸುವ ಎಸ್ಟರ್ ಅನ್ನುವ ರಾಸಾಯನಿಕದ್ದು, ಲವಂಗದ್ದು ಫೀನಾಲ್ ಅನ್ನುವುದರದು. ವೆಸ್ಟ್‌ಫ್ಲೆಟೆರೆನ್‌ನವರು ಯೀಸ್ಟ್ ತರುವುದು ವೆಸ್ಟ್‌ಮಾಲೆಯಿಂದಲೇ, ಆದರೂ ರುಚಿ ಬೇರೆ. ವೆಸ್ಟ್‌ಮಾಲೆಯವರು ಹುದುಗನ್ನು 20 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತಾರೆ, ವೆಸ್ಟ್‌ಫ್ಲೆಟೆರೆನ್‌ನವರು 28ರವರೆಗೂ ಏರಲು ಬಿಡುತ್ತಾರೆ. ಅಷ್ಟು ಶಾಖ ಒಳ್ಳೆಯ ಕೈಯಲ್ಲಿ ಹಣ್ಣಿನ ಗುಡ್ಡೆ, ಕೆಟ್ಟ ಕೈಯಲ್ಲಿ ಸ್ಪಿರಿಟ್.

ಬೆಲ್ಲದ ವಾಸನೆ ಬಂದರೆ ಎಚ್ಚರ. ನಮ್ಮ ಮೂಗಿಗೆ ಅದು ಹಿತ, ಹಾಗಾಗಿ ನೀನು ಪಕ್ಷಪಾತ ಮಾಡುವ ಸಾಧ್ಯತೆ ಇದೆ. ಕಾಸಿದ ಸಕ್ಕರೆಯಲ್ಲಿ ಬೆಲ್ಲದ ಆ ಮಣ್ಣಿನ, ತುಸು ಉಪ್ಪಿನ ಎಳೆ ಇರುವುದಿಲ್ಲ. ಅದು ಬಂದರೆ ಮಾಡಿದವರು ಸಂಸ್ಕರಿಸದ ಕಂದು ಸಕ್ಕರೆ ಅಥವಾ ಕಾಕಂಬಿ ಹಾಕಿರಬಹುದು. ಹಿತಮಿತವಾಗಿದ್ದರೆ ದೋಷವಲ್ಲ, ಮೇಲುಗೈ ಆದರೆ ಬರೆ.

ರುಚಿಗೆ ಸಣ್ಣ ಗುಟುಕು ಸಾಕು, ನಾಲಿಗೆಯ ತುಂಬ ಓಡಾಡಿಸಿ ನುಂಗು. ವೈನಿನವರಂತೆ ಉಗುಳಬೇಡ, ನುಂಗಿದ ಮೇಲೆ ಬರುವ ಕಹಿ ಮತ್ತು ಅಂತ್ಯವನ್ನೇ ನೀನು ನೋಡಬೇಕಾದದ್ದು. ನುಂಗಿ ಮನಸ್ಸಿನಲ್ಲೇ ಹತ್ತು ಎಣಿಸು. ಹತ್ತರ ಹೊತ್ತಿಗೆ ತುಟಿ ಒಂದಕ್ಕೊಂದು ಅಂಟಿದರೆ ಸಕ್ಕರೆ ಉಳಿದಿದೆ. ಗಂಟಲಲ್ಲಿ ಮೆಲ್ಲಗೆ ಬೆಚ್ಚಗಾದರೆ ಒಳ್ಳೆಯ ಆಲ್ಕೋಹಾಲ್, ಉರಿದರೆ ಕೆಟ್ಟದ್ದು. ಹಾಪ್ಸ್ ಹೂವಿನ ಕಹಿ ಸಿಹಿಯನ್ನು ಹಿಡಿದು ನಿಲ್ಲಿಸುವಷ್ಟೇ ಇರಬೇಕು, ಮುಂದೆ ಬಂದು ಕೂರಬಾರದು. ಬುರುಗು, ಅಂದರೆ ಬಿಯರಿನೊಳಗಿನ ಗ್ಯಾಸಿನ ಗುಳ್ಳೆ, ಜೋರಾಗಿರಬೇಕು; ಇಷ್ಟು ಭಾರದ ಬಿಯರನ್ನು ಹಗುರ ಮಾಡುವುದೇ ಅದು.

ಡುಬ್ಬೆಲ್ ಮತ್ತು ಕ್ವಾಡ್ರುಪೆಲ್ ಒಂದೇ ಗಜಕೋಲಿಗೆ ಸಿಗುವುದಿಲ್ಲ. ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ 2021ರ ನಿಯಮಾವಳಿಯಲ್ಲಿ ಡುಬ್ಬೆಲ್ ಶೇ. 6ರಿಂದ 7.6. ಅದರಲ್ಲಿ ಆಲ್ಕೋಹಾಲ್ ಎದ್ದು ಕಾಣಬಾರದು. ಕ್ವಾಡ್ರುಪೆಲ್ ಅಲ್ಲಿ 'ಬೆಲ್ಜಿಯನ್ ಡಾರ್ಕ್ ಸ್ಟ್ರಾಂಗ್' ಹೆಸರಿನಡಿ ಬರುತ್ತದೆ, ಶೇ. 8ರಿಂದ 12. ಮೇಜಿನಲ್ಲಿ ಹಗುರದಿಂದ ಭಾರಕ್ಕೆ ಹೋಗಬೇಕು. ಹತ್ತರ ಬಿಯರ್ ಆದ ಮೇಲೆ ಏಳರದು ನೀರೆನಿಸುತ್ತದೆ, ಪಾಪ ಅದರ ತಪ್ಪಲ್ಲ.

ತಪ್ಪು ಹೇಳುವಾಗ ಕಾರಣವನ್ನೂ ಹೇಳು. 'ಸ್ಪಿರಿಟ್ ವಾಸನೆ, ಗಂಟಲು ಉರಿ' ಅಂತ ಬರೆದು ಬಿಟ್ಟರೆ ಮಾಡಿದವನಿಗೆ ಏನು ಉಪಯೋಗ? ಯೀಸ್ಟ್ ಕಡಿಮೆ ಹಾಕಿರುತ್ತಾನೆ, ಇಲ್ಲವೇ ಮೊದಲ ಎರಡು ದಿನದಲ್ಲೇ ಶಾಖ ಏರಲು ಬಿಟ್ಟಿರುತ್ತಾನೆ. 20 ಲೀಟರಿಗೆ 11 ಗ್ರಾಮಿನ ಒಣ ಯೀಸ್ಟ್ ಪೊಟ್ಟಣ ಒಂದರ ಬದಲು ಎರಡು ಹಾಕಿ, 18 ಡಿಗ್ರಿಯಲ್ಲಿ ಶುರುಮಾಡಿ, ಹುದುಗು ಹಿಡಿದ ಮೇಲೆ ಏರಿಸಲು ಹೇಳು. ಕಾಫಿ ಬೀಜದ, ಸುಟ್ಟ ರೊಟ್ಟಿಯ ರುಚಿ ಬಂದರೆ ಕಪ್ಪು ಮಾಲ್ಟ್ ಹಾಕಿ ಬಣ್ಣ ತಂದಿದ್ದಾನೆ. ಅದು ಸ್ಟೌಟ್ ಅನ್ನುವ ಕಪ್ಪು ಬಿಯರಿನ ದಾರಿ. ಬ್ಯಾಂಡೇಜ್ ವಾಸನೆ ಬಂದರೆ ನಲ್ಲಿನೀರಿನ ಕ್ಲೋರಿನ್ ಫೀನಾಲ್ ಜೊತೆ ಸೇರಿದೆ, ನೀರಿಗೆ ಚಿಟಿಕೆ ಮೆಟಾಬೈಸಲ್ಫೈಟ್ ಹಾಕಲಿ. ಬೆಣ್ಣೆ ವಾಸನೆ ಅಂದರೆ ಹುದುಗು ಮುಗಿಯುವ ಮುಂಚೆ ಯೀಸ್ಟ್‌ನಿಂದ ಬೇರೆ ಮಾಡಿದ್ದಾನೆ, ಇಲ್ಲವೇ ಬ್ಯಾಕ್ಟೀರಿಯಾ ಸೇರಿದೆ. ಬುರುಗೇ ಇಲ್ಲದೆ ಸಪ್ಪೆಯಾಗಿದ್ದರೆ ಶೇ. 10ರ ಆಲ್ಕೋಹಾಲಿನಲ್ಲಿ ಯೀಸ್ಟ್ ಸುಸ್ತಾಗಿದೆ. ಬಾಟಲಿಗೆ ತುಂಬುವಾಗ ಹೊಸ ಯೀಸ್ಟ್ ಸ್ವಲ್ಪ ಸೇರಿಸಿ ಎರಡು ಮೂರು ವಾರ ಬೆಚ್ಚಗೆ ಇಡಬೇಕಿತ್ತು. ಮುಚ್ಚಳ ತೆಗೆದ ಕೂಡಲೇ ಉಕ್ಕಿದರೆ ಒಂದೋ ಸಕ್ಕರೆ ಜಾಸ್ತಿ, ಇಲ್ಲವೇ ಸೋಂಕು. ಯಾವುದು ಅಂತ ಹುಳಿಯೇ ಹೇಳುತ್ತದೆ. ಕುದುರೆ ಲಾಯದ ವಾಸನೆ ಓರ್ವಾಲ್‌ಗೆ ಶೋಭೆ, ಡುಬ್ಬೆಲ್‌ಗೆ ಅಲ್ಲ.

ವಯಸ್ಸಿನ ವಿಷಯ ಸೂಕ್ಷ್ಮ. ಗಾಳಿ ಸೋಕಿದ ಬಿಯರು ನೆನೆದ ರಟ್ಟಿನ ಹಾಗೆ ನಾರುತ್ತದೆ, ಅದು ದೋಷ. ಆದರೆ ಬಲವಾದ ಕಂದು ಬಿಯರು ಕತ್ತಲಲ್ಲಿ, ತಂಪಿನಲ್ಲಿ ವರ್ಷಗಟ್ಟಲೆ ಕೂತರೆ ಅದೇ ಗಾಳಿ ಪೋರ್ಟ್, ಶೆರಿ ವೈನಿನಂಥ ಕಂಪನ್ನು ತರುತ್ತದೆ, ಅದು ಗುಣ. ಶಿಮೆಯ ನೀಲಿ ಚೀಟಿಯ ಮೇಲೆ ವರ್ಷ ಹಾಕುವುದು ಸುಮ್ಮನೆ ಅಲ್ಲ. ಶೇ. 7ರ ಡುಬ್ಬೆಲ್‌ಗೆ ಅಷ್ಟು ಆಯಸ್ಸಿಲ್ಲ. ಸೋಯಾ ಸಾಸ್ ವಾಸನೆ ಬಂದರೆ ಯೀಸ್ಟ್ ಸತ್ತು ಕೊಳೆತಿದೆ; ಅದಕ್ಕೆ ಮುದಿತನದ ಗೌರವ ಕೊಡಬೇಡ.

ಅಂಕ ಒಟ್ಟು 50: ವಾಸನೆ 12, ನೋಟ 3, ರುಚಿ 20, ಬಾಯಿಯ ಅನುಭವ 5, ಒಟ್ಟಾರೆ 10. ಮಾತು ಮೊದಲು ಬರೆ, ಅಂಕ ಆಮೇಲೆ. 'ಚೆನ್ನಾಗಿದೆ, ಸ್ವಲ್ಪ ಸಿಹಿ' ಅಂದರೆ ಏನೂ ಹೇಳಿದಂತಾಗಲಿಲ್ಲ. 'ಒಣದ್ರಾಕ್ಷಿ ಮುಂದೆ, ಲವಂಗ ಹಿಂದೆ, ಕಾಸಿದ ಸಕ್ಕರೆ ಮಧ್ಯಮ. ಅಂತ್ಯದಲ್ಲಿ ಸಿಹಿ ಉಳಿದು ತುಟಿಗೆ ಅಂಟುತ್ತದೆ. ಮಾಲ್ಟ್ ಕಡಿಮೆ ಮಾಡಿ ಸಕ್ಕರೆಯನ್ನು ಶೇ. 15ರಷ್ಟಕ್ಕೆ ಏರಿಸಿ' ಅಂದರೆ ಅದು ತೀರ್ಪು. ಆ ಬಿಯರಿಗೆ 30ರ ಆಸುಪಾಸು ಕೊಡು. ಎಷ್ಟು ಕೆಟ್ಟದ್ದಾದರೂ 13ಕ್ಕಿಂತ ಕೆಳಗೆ ಹೋಗಬೇಡ. ಮೇಜಿನ ಹಿರಿಯ ನಿನಗಿಂತ ಹತ್ತು ಅಂಕ ಹೆಚ್ಚು ಕೊಟ್ಟರೆ ತಕ್ಷಣ ತಿದ್ದಬೇಡ. ಇಬ್ಬರೂ ಮತ್ತೊಮ್ಮೆ ಮೂಸಿ, ಆಮೇಲೆ ಮಾತಾಡಿ.

ಅಷ್ಟರೊಳಗೆ ಅಭ್ಯಾಸಕ್ಕೆ ವೆಸ್ಟ್‌ಮಾಲೆ ಡುಬ್ಬೆಲ್, ರೋಶ್‌ಫೋರ್ 8, ಸೇಂಟ್ ಬರ್ನಾರ್ಡಸ್ ಅಬ್ಟ್ 12, ಮೂರನ್ನೂ ಒಂದೊಂದು ತಂದಿಡು. ಸ್ನೇಹಿತನ ಕೈಲಿ ಮೂರು ಗ್ಲಾಸಿಗೆ ಸುರಿಸು, ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆ. ಕಣ್ಣು ಮುಚ್ಚಿ ಬೇರೆಯದನ್ನು ಹುಡುಕು. ಹತ್ತು ಸಲದಲ್ಲಿ ಏಳು ಸಲವಾದರೂ ಸಿಕ್ಕರೆ ಧೈರ್ಯವಾಗಿ ಹೋಗು.

ಪ್ರಮಾಣದ ಲೆಕ್ಕ ಮರೆಯಬೇಡ. ಎಂಟು ಬಿಯರು, ತಲಾ 60 ಮಿಲೀ, ಎಲ್ಲವೂ ಶೇ. 10 ಅಂದುಕೊಂಡರೆ 480 ಮಿಲೀ. 330 ಮಿಲೀಯ ಬಾಟಲಿ ಸುಮಾರು ಒಂದೂವರೆಗೆ ಸಮ. ಅರ್ಧಕ್ಕರ್ಧ ಗ್ಲಾಸಿನಲ್ಲೇ ಬಿಡು, ಯಾರೂ ತಪ್ಪು ತಿಳಿಯುವುದಿಲ್ಲ. ಅಲ್ಲಿ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲಿನ ಮಿತಿ ಸೈಕಲ್ಲಿನವರಿಗೂ ಅನ್ವಯಿಸುತ್ತದೆ, ಆದ್ದರಿಂದ ಸೈಕಲ್ ಮನೆಯಲ್ಲೇ ಇರಲಿ, ಬಸ್ಸಿನಲ್ಲಿ ಹೋಗಿ ಬಾ. ಯಾವ ಬಿಯರಿಗೆ ಎಷ್ಟು ಕೊಟ್ಟೆ, ಯಾಕೆ ಕೊಟ್ಟೆ ಅಂತ ಬರೆದಿಟ್ಟುಕೊಂಡು ನನಗೆ ಕಳಿಸು.

ಇಂತಿ ನಿನ್ನ ಮಾವ