ಟಿಲಿಸ್ ಅವರೇ, ಬೇಡ ಅಂದಿದ್ದು ಸರಿ. ಉಳಿದ ತಿಂಗಳುಗಳಲ್ಲಿ ಏನು ಮಾಡುತ್ತೀರಿ?

ಸೆನೇಟರ್ ಥಾಮ್ ಟಿಲಿಸ್ ಅವರಿಗೆ,

ನಮಸ್ಕಾರ. ನಾನು ಹಾಸನದ ಕಡೆಯವನು. ನಾರ್ತ್ ಕೆರೊಲೈನಾದ ಮೋರಿಸ್‌ವಿಲ್‌ಗೆ ಬಂದು ಹದಿನೆಂಟು ವರ್ಷವಾಯಿತು, ಈಗ ಇಲ್ಲಿಯ ಮತದಾರ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಯಾಕೆಂದರೆ, ಇದರಲ್ಲಿ ಅರ್ಧ ಜಗಳ ನಿಮ್ಮ ಜೊತೆ, ಇನ್ನರ್ಧ ನಮ್ಮವರ ಜೊತೆ.

ನಾನು ಯಾವತ್ತೂ ನಿಮಗೆ ವೋಟು ಹಾಕಿದವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ 2025ರ ಜುಲೈ 1ರಂದು ತೆರಿಗೆ ಇಳಿಸಿ ಮೆಡಿಕೇಡಿನಂಥ ಖರ್ಚಿಗೆ ಕತ್ತರಿ ಹಾಕುವ ಅಧ್ಯಕ್ಷ ಟ್ರಂಪ್ ಅವರ 'ದೊಡ್ಡ ಸುಂದರ' ಮಸೂದೆ ಸೆನೇಟಿನಲ್ಲಿ 50–50ಕ್ಕೆ ಬಂದು ನಿಂತಾಗ ಟಿವಿ ಮುಂದೆ ಕೂತು ನಿಮ್ಮ ಹೆಸರಿಗೇ ಕಾಯುತ್ತಿದ್ದೆ. ಉಪಾಧ್ಯಕ್ಷ ವ್ಯಾನ್ಸ್ ತಮ್ಮ ವೋಟು ಹಾಕಿ ಅದನ್ನು ದಾಟಿಸಿದರು. ರಿಪಬ್ಲಿಕನ್ನರಲ್ಲಿ ಬೇಡ ಅಂದವರು ಮೂವರೇ. ಸೂಸನ್ ಕಾಲಿನ್ಸ್, ರ‍್ಯಾಂಡ್ ಪಾಲ್ ಮತ್ತು ನೀವು. ಅದಕ್ಕೆ ಎರಡು ದಿನ ಮೊದಲು ಸದನದಲ್ಲಿ ನೀವು ಕೇಳಿದ ಪ್ರಶ್ನೆ ನನಗೆ ಮರೆತಿಲ್ಲ. ಮೆಡಿಕೇಡ್ ಬಡವರಿಗಿರುವ ಸರ್ಕಾರಿ ಆರೋಗ್ಯ ವಿಮೆ. ಅಧ್ಯಕ್ಷರು ಅದನ್ನು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟಿದ್ದರು. ಆ ಮಾತು ಮುರಿದು, ದುಡ್ಡಿಲ್ಲದೆ ನಮ್ಮ ರಾಜ್ಯದ 6,63,000 ಜನ ಅದರಿಂದ ಹೊರಬಿದ್ದರೆ ಅವರಿಗೆ ನಾನೇನು ಹೇಳಲಿ ಅಂತ ಕೇಳಿದಿರಿ.

ಅಧ್ಯಕ್ಷರು ಮುಂದಿನ ಚುನಾವಣೆಗೆ ನಿಮ್ಮ ಎದುರು ಬೇರೆ ಅಭ್ಯರ್ಥಿಯನ್ನು ಹುಡುಕುವುದಾಗಿ ಹೆದರಿಸಿದರು. ಮರುದಿನವೇ ನೀವು ಮತ್ತೆ ನಿಲ್ಲುವುದಿಲ್ಲ ಅಂದಿರಿ. ಧೈರ್ಯವೋ ಬೇಸರವೋ, ನಿಮಗೇ ಗೊತ್ತು.

ಈಗ ನಮ್ಮವರ ವಿಷಯ. ಇಲ್ಲಿಯ ಕನ್ನಡಿಗರ ಒಂದು ವಾಟ್ಸಾಪ್ ಗುಂಪಿದೆ. ಆ ಬೇಸಿಗೆಯಲ್ಲಿ ಅಲ್ಲಿ ಮಸೂದೆಯದ್ದೇ ಮಾತು. ಆದರೆ ಮೆಡಿಕೇಡ್ ಬಗ್ಗೆ ಅಲ್ಲ. ಊರಿಗೆ ಕಳಿಸುವ ದುಡ್ಡಿನ ಮೇಲೆ ಶೇಕಡ 5 ತೆರಿಗೆ ಅಂತ ಶುರುವಾಗಿ, 3.5ಕ್ಕೆ ಇಳಿದು, ಕೊನೆಗೆ ನಗದಾಗಿ ಕಳಿಸಿದರೆ ಮಾತ್ರ 1 ಅಂತ ಆಯಿತಲ್ಲ, ಅದರ ಬಗ್ಗೆ. ಬ್ಯಾಂಕಿನಿಂದ ಕಳಿಸಿದರೆ ತೆರಿಗೆ ಇಲ್ಲ ಅಂತ ಗೊತ್ತಾದ ದಿನ ಗುಂಪು ತಣ್ಣಗಾಯಿತು. ನಾನೂ ತಣ್ಣಗಾದೆ. ಸುಳ್ಳು ಯಾಕೆ ಹೇಳಲಿ? ರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ಕೇಂದ್ರದ ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೆಯಬಹುದಾದ ಮಿತಿ 10,000ದಿಂದ 40,000 ಡಾಲರಿಗೆ ಏರಿದ್ದರಿಂದ ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿರುವ ನಮ್ಮಂಥ ಮನೆಗಳಿಗೆ ಲಾಭವೇ ಆಗಿದೆ. ಸಂಸತ್ತಿನ ಬಜೆಟ್ ಕಚೇರಿಯ ಲೆಕ್ಕದಲ್ಲಿ ತೀರಾ ಕೆಳಗಿನ ಹತ್ತನೇ ಒಂದು ಪಾಲಿನ ಮನೆಗಳಿಗೆ ವರ್ಷಕ್ಕೆ ಸುಮಾರು 1,200 ಡಾಲರ್ ನಷ್ಟ, ತೀರಾ ಮೇಲಿನವರಿಗೆ ಸುಮಾರು 13,600 ಲಾಭ.

ಗುಂಪಿನಲ್ಲಿ ನನ್ನ ಹಳೆಯ ಗೆಳೆಯನೊಬ್ಬ ಇದ್ದಾನೆ. ಅಧ್ಯಕ್ಷರ ಕಟ್ಟಾ ಅಭಿಮಾನಿ. ಮೆಡಿಕೇಡ್ ಪಡೆಯುವ, ದುಡಿಯುವ ಶಕ್ತಿಯಿರುವ ಎಷ್ಟೋ ವಯಸ್ಕರು ತಿಂಗಳಿಗೆ 80 ಗಂಟೆ ದುಡಿದ ಲೆಕ್ಕ ತೋರಿಸಬೇಕು ಅಂತ ಆ ಮಸೂದೆಯಲ್ಲಿದೆ. 'ಕಾಯಕವೇ ಕೈಲಾಸ ಅಂದ ನಾಡಿನವರು ನಾವು, ದುಡಿಯೋಕೆ ಶಕ್ತಿ ಇರೋರು ತಿಂಗಳಿಗೆ 80 ಗಂಟೆ ದುಡಿಯಲಿ ಅಂದ್ರೆ ತಪ್ಪೇನು?' ಅಂತ ಕೇಳುತ್ತಾನೆ. ಊರಿನ ಅನ್ನಭಾಗ್ಯ, ಗ್ಯಾರಂಟಿ ಎಲ್ಲವನ್ನೂ ಎಳೆದು ತಂದು 'ಬಿಟ್ಟಿ' ಅನ್ನುತ್ತಾನೆ. ಇತ್ತ ಡೆಮಾಕ್ರಟ್ ಕಡೆಯವರು ಟ್ರಂಪ್ ಕೂದಲಿನಿಂದ ಶುರು ಮಾಡಿ ಟ್ರಂಪ್ ಮಾತಿಗೆ ಬಂದು ನಿಲ್ಲುತ್ತಾರೆ. ಮಸೂದೆಯ ಒಂದು ಪುಟ ಓದಿದವರಿಲ್ಲ. ಗ್ರೀನ್ ಕಾರ್ಡಿನ ಮೇಲೆ ಬಂದ ನಮ್ಮ ಅಪ್ಪ ಅಮ್ಮಂದಿರು ಮೆಡಿಕೇಡಿಗೆ ಐದು ವರ್ಷ ಕಾಯಬೇಕು ಅನ್ನುವ ನಿಯಮ 1996ರದ್ದು, ಅದಕ್ಕೆ ಸಹಿ ಹಾಕಿದ್ದು ಡೆಮಾಕ್ರಟ್ ಕ್ಲಿಂಟನ್ ಅಂದರೆ ಅವರಿಗೆ ಸಿಟ್ಟು ಬರುತ್ತದೆ.

ಒಂದು ವಿಷಯ ಹೇಳಲೇಬೇಕು. 2025ರ ಅಕ್ಟೋಬರ್ 1ರಿಂದ 43 ದಿನ ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ ಸರ್ಕಾರ ಬಾಗಿಲು ಹಾಕಿತ್ತಲ್ಲ, ಆಗ ನವೆಂಬರಿನಲ್ಲಿ ಸುಮಾರು 4.2 ಕೋಟಿ ಜನರಿಗೆ ಸರ್ಕಾರ ಆಹಾರಕ್ಕೆಂದು ಕೊಡುವ ದುಡ್ಡು ಅತಂತ್ರವಾಯಿತು. ಆ ವಾರ ದಾನದ ಗೋದಾಮಿಗೆ ಎರಡು ಸಲ ಕಾರು ತುಂಬ ಅಕ್ಕಿ, ಬೇಳೆ ಚೀಲ ಹೊತ್ತೊಯ್ದವನು ಇದೇ ಕಾಯಕದ ಗೆಳೆಯ. ಟ್ರಂಪ್ ಕೂದಲಿನವರು ಎಮೋಜಿ ಕಳಿಸಿದರು.

ಹಾಗಾಗಿ 80 ಗಂಟೆಯ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬೇಕು ಅನ್ನಿಸಿತು. ನನ್ನ ಅಮ್ಮನನ್ನು ನೋಡಿಕೊಳ್ಳಲು ವಾರಕ್ಕೆ ಮೂರು ದಿನ ಒಬ್ಬರು ಬರುತ್ತಾರೆ. ಜಾನ್‌ಸ್ಟನ್ ಕೌಂಟಿಯವರು, ವಯಸ್ಸು ಐವತ್ತು ದಾಟಿದೆ. ಟ್ರಂಪ್‌ಗೇ ವೋಟು ಹಾಕಿದವರು, ಮುಚ್ಚಿಡುವುದಿಲ್ಲ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅವರಿಗೆ 'ಸಾಕು', 'ಬಿಸಿ', 'ಬಾ' ಬರುತ್ತದೆ, ಅಷ್ಟರಲ್ಲೇ ನಡೆಯುತ್ತದೆ. 2023ರ ಡಿಸೆಂಬರ್ 1ಕ್ಕೆ ನಮ್ಮ ರಾಜ್ಯದಲ್ಲಿ ಮೆಡಿಕೇಡ್ ವಿಸ್ತರಣೆ, ಅಂದರೆ ಮೊದಲು ಅದು ಸಿಗದಿದ್ದ ಕಡಿಮೆ ಆದಾಯದ ವಯಸ್ಕರಿಗೂ ಕೊಡುವುದು, ಶುರುವಾದ ಮೇಲೆ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವರು ಬಿಪಿ ತೋರಿಸಿಕೊಂಡರು.

ಅವರು ದುಡಿಯುತ್ತಾರೆ, ನಮಗಿಂತ ಜಾಸ್ತಿಯೇ. ಕಾನೂನಿನ ಪ್ರಕಾರ ತಿಂಗಳಿಗೆ 580 ಡಾಲರ್ ಸಂಪಾದನೆ ಇದ್ದರೂ ಸಾಕು, ಅದೂ ಅವರಿಗೆ ಇದೆ. ಆದರೆ ತೋರಿಸುವುದು ಹೇಗೆ? ಒಂದು ಮನೆಯವರು ನಗದು ಕೊಡುತ್ತಾರೆ, ಇನ್ನೊಬ್ಬರು ಫೋನಿನಲ್ಲಿ ಹಾಕುತ್ತಾರೆ, ಮೂರನೆಯದು ಏಜೆನ್ಸಿಯ ಚೆಕ್ಕು. ಇನ್ನು ಮೇಲೆ ವರ್ಷಕ್ಕೊಮ್ಮೆ ಅಲ್ಲ, ಆರು ತಿಂಗಳಿಗೊಮ್ಮೆ ಅರ್ಹತೆಯ ತಪಾಸಣೆ. ಬಸವಣ್ಣನವರು ಕಾಯಕ ಮಾಡು ಅಂದರು, ರಸೀದಿ ಅಪ್‌ಲೋಡ್ ಮಾಡು ಅನ್ನಲಿಲ್ಲ.

ಅರ್ಕನ್ಸಾ ರಾಜ್ಯದಲ್ಲಿ 2018ರಲ್ಲಿ ಈ ದುಡಿಮೆಯ ನಿಯಮವನ್ನು ಮಾಡಿ ನೋಡಿದ್ದಾರೆ. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. ಅವರು ಲೆಕ್ಕ ಕೊಡಬೇಕಾಗಿದ್ದ ವೆಬ್‌ಸೈಟು ರಾತ್ರಿ 9ರಿಂದ ಬೆಳಗ್ಗೆ 7ರವರೆಗೆ ಮುಚ್ಚಿರುತ್ತಿತ್ತು! 2019ರಲ್ಲಿ ನ್ಯಾಯಾಲಯ ಅದನ್ನು ನಿಲ್ಲಿಸಿತು. ಆಮೇಲೆ ಅಧ್ಯಯನ ಮಾಡಿದವರಿಗೆ ಇದರಿಂದ ದುಡಿಯುವವರು ಹೆಚ್ಚಾದದ್ದು ಕಾಣಲಿಲ್ಲ. ಊರಿನಲ್ಲಿ ರೇಷನ್ ಅಂಗಡಿ ಮುಂದೆ ಹೆಬ್ಬೆಟ್ಟು ಹೊಂದದೆ ವಾಪಸ್ ಬಂದ ಅಜ್ಜಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯಲ್ಲಿ ದುಡಿದೇ ಬೆರಳು ಸವೆದಿರುತ್ತದೆ, ಅಲ್ವಾ?

ಟಿಲಿಸ್ ಅವರೇ, ನಿಮ್ಮ ಮೇಲಿನ ನನ್ನ ದೂರು 2013ರದ್ದು. ಆಗ ನೀವು ರಾಜ್ಯದ ಕೆಳಮನೆಯ ಸ್ಪೀಕರ್. ಮೊದಲ ಮೂರು ವರ್ಷ ಪೂರ್ತಿ ಖರ್ಚು ಫೆಡರಲ್ ಅಂದರೆ ಕೇಂದ್ರ ಸರ್ಕಾರದ್ದೇ ಆಗಿದ್ದರೂ ಮೆಡಿಕೇಡ್ ವಿಸ್ತರಣೆ ಬೇಡ ಅಂದಿರಿ. ನಿಮ್ಮದೇ ಪಕ್ಷದ ಶಾಸಕರು ಅದಕ್ಕೆ ಹೂಂ ಅನ್ನಲು ಹತ್ತು ವರ್ಷ ಹಿಡಿಯಿತು. ಈಗ ನೀವು ಯಾರಿಗೋಸ್ಕರ ಜಗಳಕ್ಕೆ ನಿಂತಿರೋ ಆ 6,63,000 ಜನರಲ್ಲಿ ಎಷ್ಟೋ ಮಂದಿ ನಿಮ್ಮ ಆವತ್ತಿನ 'ಬೇಡ'ದಿಂದ ಕಾದವರು. ಟ್ರೇಲರ್ ಪಾರ್ಕುಗಳಲ್ಲಿ ಬೆಳೆದು, 36ನೇ ವಯಸ್ಸಿನಲ್ಲಿ ಡಿಗ್ರಿ ಮುಗಿಸಿದವರು ನೀವು. ಕಾಯುವುದು ಅಂದರೆ ಏನು ಅಂತ ನಿಮಗೆ ಗೊತ್ತಿರಬೇಕು.

ನಮ್ಮ ರಾಜ್ಯದ ಕಾನೂನಿನಲ್ಲಿ ಇನ್ನೊಂದು ತೊಡಕಿದೆ. ವಿಸ್ತರಣೆಯ ಖರ್ಚಿನಲ್ಲಿ ಫೆಡರಲ್ ಪಾಲು ಶೇಕಡ 90ಕ್ಕಿಂತ ಕಡಿಮೆಯಾದರೆ ವಿಸ್ತರಣೆಯೇ ರದ್ದು. ಹೊಸ ಮಸೂದೆ ಆ 90ನ್ನು ಮುಟ್ಟಿಲ್ಲ. ಆದರೆ ಉಳಿದ 10 ಬರುವುದು ಆಸ್ಪತ್ರೆಗಳ ಮೇಲಿನ ತೆರಿಗೆಯಿಂದ. ಅಂಥ ತೆರಿಗೆಗಳ ಮಿತಿಯನ್ನು 2028ರಿಂದ ವರ್ಷವರ್ಷ ಇಳಿಸುತ್ತಾ ಹೋಗುತ್ತಾರೆ. ಮರ ಕಡಿದಿಲ್ಲ, ನೀರು ನಿಲ್ಲಿಸಿದ್ದಾರೆ. ಸಾಲ ತಗ್ಗಿಸೋಕೆ ಇದೆಲ್ಲ ಬೇಕು ಅನ್ನುವ ಗೆಳೆಯನಿಗೆ ಒಂದೇ ಮಾತು: ಇಷ್ಟೆಲ್ಲ ಕಡಿತದ ಮೇಲೂ ಹತ್ತು ವರ್ಷದಲ್ಲಿ ಕೊರತೆ ಸುಮಾರು 3.4 ಲಕ್ಷ ಕೋಟಿ ಡಾಲರ್ ಏರುತ್ತದೆ.

ದುಡಿಮೆಯ ನಿಯಮ 2027ರ ಜನವರಿ 1ಕ್ಕೆ ಶುರು. ನಿಮ್ಮ ಅವಧಿ ಮುಗಿಯುವುದು ಜನವರಿ 3ಕ್ಕೆ. ನೀವು ಪೆಟ್ಟಿಗೆ ಕಟ್ಟುವ ವಾರವೇ ಜಾನ್‌ಸ್ಟನ್ ಕೌಂಟಿಯ ಆ ಹೆಂಗಸು ಚೀಟಿ ಜೋಡಿಸಲು ಕೂರುತ್ತಾರೆ.

ಕಾನೂನನ್ನೇ ವಾಪಸ್ ತೆಗೆಯಿರಿ ಅಂತ ಕೇಳುತ್ತಿಲ್ಲ, ಆ ಸಂಖ್ಯಾಬಲ ಈಗ ಇಲ್ಲ. ಆದರೆ ಪ್ರಾಮಾಣಿಕವಾಗಿ ತಯಾರಿ ಮಾಡುತ್ತಿರುವ ರಾಜ್ಯಕ್ಕೆ 2028ರ ಕೊನೆಯವರೆಗೆ ಸಮಯ ಕೊಡುವ ಅಧಿಕಾರ ಆರೋಗ್ಯ ಕಾರ್ಯದರ್ಶಿಗೆ ಇದೆ. ಅದು ಅದೇ ಮಸೂದೆಯಲ್ಲಿದೆ. ಗವರ್ನರ್ ಸ್ಟೈನ್ ಡೆಮಾಕ್ರಟ್, ನೀವು ರಿಪಬ್ಲಿಕನ್. ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿ ನಾರ್ತ್ ಕೆರೊಲೈನಾಗೆ ಆ ಸಮಯ ಕೇಳಿ. ಸರ್ಕಾರದ ಬಳಿ ಈಗಾಗಲೇ ಇರುವ ಸಂಬಳದ ದಾಖಲೆಯಿಂದಲೇ ಎಷ್ಟು ಜನರನ್ನು ಪಾಸು ಮಾಡಬಹುದೋ ಮಾಡಿ, ಉಳಿದವರನ್ನು ಮಾತ್ರ ಕೇಳಿ ಅಂತ ಒತ್ತಾಯಿಸಿ. ಕೌಂಟಿ ಕಚೇರಿಗಳಿಗೆ ಸಿಬ್ಬಂದಿ ಕೊಡಿಸಿ. ಅರ್ಜಿ ನೋಡುವವರು ಅಲ್ಲಿಯವರೇ ತಾನೇ? ಮತ್ತೆ ಚುನಾವಣೆಗೆ ನಿಲ್ಲದವರಿಗೆ ಯಾರ ಹೆದರಿಕೆ?

ಉತ್ತರ ಇಂಗ್ಲಿಷಿನಲ್ಲೇ ಕಳಿಸಿ. ಗುಂಪಿಗೆ ಕನ್ನಡದಲ್ಲಿ ನಾನು ಹಾಕುತ್ತೇನೆ. ಗೆಳೆಯ ಕಾಯುತ್ತಿದ್ದಾನೆ.

ಇಂತಿ,
ಮೋರಿಸ್‌ವಿಲ್‌ನ ಒಬ್ಬ ಮತದಾರ