ಮೊದಲು ಕಿಟಕಿ ನೋಡು, ಆಮೇಲೆ ಬೀಜ ಹಾಕು

ಪ್ರೀತಿಯ ಮಗಳೇ,

ಮೌಶಿಯ ಆಶೀರ್ವಾದ. ಕಲಬುರಗಿಯ ಆ ಒಂದೇ ಕೋಣೆಯಲ್ಲಿ ಟೊಮೆಟೊ, ಬದನೆ ಬೆಳೆಯುತ್ತೇನೆ ಅಂದೆಯಂತೆ. ಕೇಳಿ ಖುಷಿಯಾಯಿತು. ಆದರೆ ಕುಂಡ ಕೊಳ್ಳುವ ಮೊದಲು ಈ ಪತ್ರ ಓದು. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಕೋಣೆಯೊಳಗೆ ಅಷ್ಟು ಸಿಗುವುದು ಕಷ್ಟ. ನೀನು ತಪ್ಪಲು ಪಲ್ಯ, ಅಂದರೆ ಸೊಪ್ಪು ಬೆಳೆ. ಅದರಲ್ಲೂ ಪುಂಡಿ ಬೇಡ, ಅದಕ್ಕೆ ಬಯಲಿನ ಬಿಸಿಲೇ ಆಗಬೇಕು. ಅದನ್ನು ಸಂತೆಯಲ್ಲೇ ತಗೋ.

ಕಿಟಕಿ ಯಾವ ದಿಕ್ಕಿಗಿದೆ? ಪೂರ್ವಕ್ಕಿದ್ದರೆ ನಿನ್ನ ಪುಣ್ಯ. ಬೆಳಗಿನ ಬಿಸಿಲು ಎಲೆಗೆ ಹಿತ. ಪಶ್ಚಿಮದ್ದಾದರೆ ಏಪ್ರಿಲ್, ಮೇ ತಿಂಗಳಲ್ಲಿ ಎಲೆ ಸುಟ್ಟೇ ಹೋಗುತ್ತದೆ. ಕಿಟಕಿಯ ಫರ್ಸಿ ಹಾಸುಗಲ್ಲಿನ ಕಟ್ಟೆ ಕಾದು ಬೇರಿಗೂ ಶಾಖ ತಟ್ಟುತ್ತದೆ, ಕೆಳಗೊಂದು ಹಲಗೆ ಇಡು. ದಕ್ಷಿಣದ ಕಿಟಕಿಯಲ್ಲಿ ಚಳಿಗಾಲದ ಬಿಸಿಲು ಒಳಗಿನ ತನಕ ಬರುತ್ತದೆ. ಆದರೆ ಮೇ ನಡುವಿನಿಂದ ಜುಲೈ ಕೊನೆಯವರೆಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಆಗ ಅಲ್ಲಿ ಬರೀ ಬೆಳಕು, ಬಿಸಿಲಿಲ್ಲ. ಗಿಡ ಬಿಳಿಚಿ ಉದ್ದಕ್ಕೆ ಎಳೆದರೆ ಅದು ಬೆಳಕಿನ ಕೊರತೆ. ಸುಮ್ನೆ ನೀರು ಸುರಿಯಬೇಡ. ಒಂದು ಬಿಳಿ ಎಲ್‌ಇಡಿ ಟ್ಯೂಬನ್ನು ಎಲೆಗಳ ಮೇಲೆ ಒಂದು ಗೇಣಿನೊಳಗೆ ತೂಗುಹಾಕಿ, ದಿನಕ್ಕೆ 12ರಿಂದ 14 ಗಂಟೆ ಹಚ್ಚು.

ಊರಿಂದ ಕಪ್ಪು ಎರೆ ಮಣ್ಣು ತಂದು ತುಂಬಬೇಡ. ತೊಗರಿಗೆ, ಜೋಳಕ್ಕೆ ಅದು ಬಂಗಾರ. ಕುಂಡದಲ್ಲಿ ಮಾತ್ರ ನೀರು ಕುಡಿದು ಉಬ್ಬುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಒಣಗಿದರೆ ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ. ಬೀದರಿನ ನಮ್ಮ ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ ಮೂರನ್ನೂ ಸಮವಾಗಿ ಕಲಸು. ಡಬ್ಬಿ ಯಾವುದಾದರೂ ಸರಿ, ತಳದಲ್ಲಿ ತೂತು ಇರಲೇಬೇಕು.

ಮೊದಲು ಮೆಂತೆ ಹಾಕು. ಅಡುಗೆಮನೆಯ ಡಬ್ಬಿಯ ಕಾಳೇ ಸಾಕು. ರಾತ್ರಿ ನೆನೆಸಿ, ಮಣ್ಣಿನ ಮೇಲೆ ಒತ್ತಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚು. 10 ದಿನದ ಹೊತ್ತಿಗೆ ಎಳೆ ಎಲೆ ಕೊಯ್ಯಬಹುದು. ಬೀಜದಂಗಡಿಯ ಬಣ್ಣ ಬಳಿದ ಬೀಜ ಮಾತ್ರ ತರಬೇಡ. ಅದಕ್ಕೆ ಔಷಧಿ ಹಚ್ಚಿರುತ್ತಾರೆ, ಅದರ ಎಳೆ ಮೊಳಕೆ ತಿನ್ನಬಾರದು. ಕೊತ್ತಂಬರಿ ದೀಪಾವಳಿ ಆದಮೇಲೆ ಹಾಕು. ಕಾಳನ್ನು ಉಜ್ಜಿ ಎರಡು ಹೋಳು ಮಾಡು, ಒಂದರೊಳಗೆ ಎರಡು ಬೀಜ ಇರುತ್ತವೆ. ಸೆಕೆಯಲ್ಲಿ ಅದು ಬೇಗ ಹೂವಿಗೆ ಹೋಗಿಬಿಡುತ್ತದೆ. ಪುದೀನಾ ಇನ್ನೂ ಸುಲಭ. ಸಂತೆಯಿಂದ ತಂದ ಕಟ್ಟಿನಲ್ಲಿ ಗಟ್ಟಿ ಕಡ್ಡಿ ಆರಿಸಿ ನೀರಲ್ಲಿ ಇಟ್ಟರೆ ಬೇರು ಬಿಡುತ್ತದೆ. ಕೂಲರ್ ಗಾಳಿ ನೇರ ಬಡಿಯದ ಕಡೆ ಇಡು.

ನೀರಿನ ವಿಷಯದಲ್ಲಿ ದಿನದ ಲೆಕ್ಕ ಬೇಡ. ಬೆರಳು ಚುಚ್ಚಿ ನೋಡು, ಮೇಲಿನ ಮಣ್ಣು ಒಣಗಿದ್ದರೆ ಹಾಕು. ಜಾಸ್ತಿ ಹಸಿಯಾದರೆ ಸಣ್ಣ ಕಪ್ಪು ನೊಣ ಬರುತ್ತವೆ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಹಾಕುವ ನೀರು ಬೇಡ, ಅದರಲ್ಲಿ ಉಪ್ಪು ಹೆಚ್ಚು. ಅಕ್ಕಿ, ಬೇಳೆ ತೊಳೆದ ನೀರು ಅವತ್ತೇ ಹಾಕಿದರೆ ನಡೆಯುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತೇನೆ ಅಂದರೆ, ಕೆಲಸ ಮುಗಿಸಿ ದಣಿದು ಬಂದಾಗ ನೀನು ಬರೀ ರೊಟ್ಟಿ, ಶೇಂಗಾ ಹಿಂಡಿ ತಿಂದು ಮಲಗುತ್ತೀಯ. ಅದರ ಜೊತೆ ಒಂದು ಹಿಡಿ ಹಸಿ ಮೆಂತೆ ಇರಲಿ ಅಂತ ನನ್ನ ಆಸೆ.

ಕಿಟಕಿಯ ದಿಕ್ಕು ತಿಳಿಸು. ನಿಮ್ಮಪ್ಪ ಬೀದರಿಗೆ ಬಂದಾಗ ಒಂದು ಚೀಲ ಕೆಂಪು ಮಣ್ಣು, ದೊಡ್ಡಪತ್ರೆಯ ಎರಡು ಟೊಂಗೆ ಕೊಟ್ಟು ಕಳಿಸುತ್ತೇನೆ.

ನಿನ್ನ ಮೌಶಿ