'ಗಿಗಾಬಿಟ್' ಎಂದರೆ ಸಾಲದು, ಅಳತೆ ಕೊಡಿ

ಮಾನ್ಯರೆ,

ಅಂಗೈಯಗಲದ ಸಿಂಗಲ್ ಬೋರ್ಡ್ ಕಂಪ್ಯೂಟರ್‌ಗಳನ್ನು ಹೋಲಿಸುವ ಲೇಖನಗಳಲ್ಲಿ ನೆಟ್‌ವರ್ಕ್ ಕಾಲಂ ಎದುರು 'ಗಿಗಾಬಿಟ್' ಎಂದಷ್ಟೇ ಬರೆದು ಮುಗಿಸುತ್ತಾರೆ. ಅದು ಪೋರ್ಟಿನ ವೇಗ, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್. ಬೋರ್ಡು ಅಷ್ಟನ್ನು ಸಾಗಿಸುತ್ತದೆಯೇ ಎಂಬುದು ಬೇರೆ ಮಾತು. ಮನೆಗೊಂದು ಫೈಲ್ ಸರ್ವರ್ ಮಾಡಿಕೊಳ್ಳಲು ಹೊರಟವರಿಗೆ ಬೇಕಿರುವುದು ಈ ಎರಡನೆಯದೇ.

ಇಂಥ ಬೋರ್ಡುಗಳಲ್ಲಿ ಹೆಸರಾದ ರಾಸ್ಪ್‌ಬೆರಿ ಪೈಯನ್ನೇ ನೋಡಿ. 2018ರ 3ಬಿ ಪ್ಲಸ್‌ನಲ್ಲಿ ಗಿಗಾಬಿಟ್ ಪೋರ್ಟ್ ಇದೆ, ಆದರೆ ಅದು ಪ್ರೊಸೆಸರಿಗೆ ಸೇರುವುದು ಯುಎಸ್‌ಬಿ 2.0 ಮೂಲಕ. ತಯಾರಕರೇ ಹೇಳುವ ಮಿತಿ ಸೆಕೆಂಡಿಗೆ 300 ಮೆಗಾಬಿಟ್. ಜೊತೆಗೆ ಯುಎಸ್‌ಬಿ ಹಾರ್ಡ್ ಡಿಸ್ಕ್ ಚುಚ್ಚಿದರೆ ಡಿಸ್ಕಿನ ಡೇಟಾವೂ ನೆಟ್‌ವರ್ಕಿನ ಡೇಟಾವೂ ಅದೇ ಇಕ್ಕಟ್ಟಿನ ದಾರಿಯಲ್ಲಿ ಓಡಾಡಬೇಕು. 2019ರ ಪೈ 4ರಲ್ಲಿ ನೆಟ್‌ವರ್ಕ್ ನೇರ ಪ್ರೊಸೆಸರ್ ಚಿಪ್ಪಿಗೇ ಸೇರಿದೆ, ಹಾಗಾಗಿ 940 ಮೆಗಾಬಿಟ್‌ನ ಆಸುಪಾಸು ಸಿಗುತ್ತದೆ. ಒಡ್ರಾಯ್ಡ್ ಸಿ2 ಎಂಬ ಇನ್ನೊಂದು ಬೋರ್ಡು ಈ ಅನುಕೂಲವನ್ನು 2016ರಲ್ಲೇ ಕೊಟ್ಟಿತ್ತು. ಅದೇ ವರ್ಷದ ಪೈ 3ರದ್ದು ಬರೀ 100 ಮೆಗಾಬಿಟ್ ಪೋರ್ಟ್.

ಅಳೆಯುವುದು ಕಷ್ಟವಲ್ಲ. ಬೋರ್ಡನ್ನೂ ಒಂದು ಒಳ್ಳೆಯ ಪಿಸಿಯನ್ನೂ ಒಂದೇ ಗಿಗಾಬಿಟ್ ಸ್ವಿಚ್ಚಿಗೆ ಕೇಬಲ್‌ನಲ್ಲಿ ಜೋಡಿಸಿ, ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಎಂಬ ತಂತ್ರಾಂಶವನ್ನು 60 ಸೆಕೆಂಡ್ ಓಡಿಸಿ. ಆಮೇಲೆ ದಿಕ್ಕು ತಿರುಗಿಸಿ ಇನ್ನೊಮ್ಮೆ; ಕಳಿಸುವ ವೇಗವೂ ಪಡೆಯುವ ವೇಗವೂ ಒಂದೇ ಇರಬೇಕೆಂದಿಲ್ಲ. ತಂತಿಯ ಮೇಲೆ ಹೋಗುವ ಪ್ರತಿ 1538 ಬೈಟ್‌ನಲ್ಲಿ ನಿಜವಾದ ಸರಕು 1448 ಬೈಟ್ ಮಾತ್ರ, ಉಳಿದದ್ದು ವಿಳಾಸ ಇತ್ಯಾದಿ. ಆದ್ದರಿಂದ 941 ಮೆಗಾಬಿಟ್ ಬಂದರೆ ಬೋರ್ಡು ಪೂರ್ತಿ ಅಂಕ ಪಡೆದಂತೆ.

ಗಿಗಾಬಿಟ್ ಬೋರ್ಡಿನಲ್ಲಿ 94 ಬಂತೆಂದರೆ ಬೋರ್ಡನ್ನು ಬೈಯುವ ಮೊದಲು ಕೇಬಲ್ ನೋಡಿ. 100 ಮೆಗಾಬಿಟ್‌ಗೆ ಅದರೊಳಗಿನ ಕಿತ್ತಳೆ, ಹಸಿರು ತಂತಿ ಜೋಡಿಗಳು ಸಾಕು. ಗಿಗಾಬಿಟ್‌ಗೆ ನೀಲಿ, ಕಂದು ಜೋಡಿಗಳೂ ಬೇಕು. ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ (ಕ್ರಿಂಪ್) ಕಂದು ತಂತಿಯೊಂದು ಕನೆಕ್ಟರಿನ ತುದಿ ಮುಟ್ಟದೆ ಕೂದಲೆಳೆಯಷ್ಟು ಹಿಂದೆ ಉಳಿದರೂ ಸಂಪರ್ಕ ಸಾಮಾನ್ಯವಾಗಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಲೈಟೇನೋ ಉರಿಯುತ್ತಲೇ ಇರುತ್ತದೆ! ಲಿನಕ್ಸ್‌ನಲ್ಲಿ ಸಂಪರ್ಕದ ವೇಗ ತೋರಿಸುವ ಎತ್‌ಟೂಲ್ ಆದೇಶ ಕೊಟ್ಟರೆ ಇಳಿದದ್ದು ಗೊತ್ತಾಗುತ್ತದೆ. ಹಳೆಯ ಮೊಬೈಲ್ ಚಾರ್ಜರ್ ಹಾಕಿದರೆ ವೋಲ್ಟೇಜ್ ಬಿದ್ದು ಪ್ರೊಸೆಸರ್ ನಿಧಾನವಾಗುತ್ತದೆ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ಬಿಸಿ 80 ಡಿಗ್ರಿ ದಾಟಿದರೂ ಅದೇ ಕಥೆ.

ಮೆಮೊರಿ ಕಾರ್ಡಿಗೆ ದೊಡ್ಡ ಫೈಲ್ ಕಾಪಿ ಮಾಡಿ ಅದನ್ನೇ ನೆಟ್‌ವರ್ಕ್ ವೇಗ ಎಂದು ಬರೆಯುವುದು ಶುದ್ಧ ತಪ್ಪು. ಗಿಗಾಬಿಟ್ ಸೆಕೆಂಡಿಗೆ ಸುಮಾರು 117 ಮೆಗಾಬೈಟ್ ತರುತ್ತದೆ, ಪೈ 4ರ ಕಾರ್ಡ್ ಸ್ಲಾಟ್ 50 ಕೂಡ ದಾಟುವುದಿಲ್ಲ. ಫೈಲನ್ನು ಗೂಢಲಿಪಿಗೆ ಬದಲಿಸಿ ಕಳಿಸುವ ಎಸ್‌ಸಿಪಿಯೂ ಅಳತೆಗೆ ಬೇಡ, ಎಇಎಸ್ ಎಂಬ ಗೂಢಲಿಪಿಯ ಕೆಲಸವನ್ನು ಬೇಗ ಮುಗಿಸುವ ವಿಶೇಷ ಸೂಚನೆಗಳು ಪೈ 4ರ ಪ್ರೊಸೆಸರಿನಲ್ಲಿಲ್ಲ, ಪೈ 5ರಲ್ಲಿವೆ.

ಇನ್ನು ಮುಂದೆ ಇಂಥ ಹೋಲಿಕೆ ಪ್ರಕಟಿಸುವಾಗ ಎರಡೂ ದಿಕ್ಕಿನ ಅಳತೆ, ಬಳಸಿದ ಕೇಬಲ್, ಪವರ್ ಸಪ್ಲೈ ಇಷ್ಟನ್ನಾದರೂ ದಯವಿಟ್ಟು ಅಚ್ಚು ಮಾಡಿ.

– ಒಬ್ಬ ಓದುಗ